ಕಣ್ಣಿನ ಹನಿ ಕೊಳ್ಳುವ ಮುನ್ನ ಡಬ್ಬಿಯ ಹಿಂಬದಿ ನೋಡಿ

ಸಂಜೆ ಹೊತ್ತಿಗೆ ಕಣ್ಣು ಕೆಂಪಗಾಗಿದೆ. ಒಳಗೆ ಮರಳು ಬಿದ್ದ ಹಾಗೆ ಚುಚ್ಚುತ್ತಿದೆ. ಔಷಧಿ ಅಂಗಡಿಗೆ ಹೋದರೆ ಎದುರಿಗೆ ಹತ್ತಾರು ಪುಟ್ಟ ಬಾಟಲಿಗಳು. ಒಂದರ ಮೇಲೆ ‘ಕೆಂಪು ಹೋಗಲಾಡಿಸುತ್ತದೆ’ ಅಂತಿದೆ. ಇನ್ನೊಂದರ ಮೇಲೆ ‘ಒಣಗಿದ ಕಣ್ಣಿಗೆ ತೇವ’ ಅಂತಿದೆ. ಮೂರನೆಯದು ಎರಡನ್ನೂ ಮಾಡುತ್ತೇನೆ ಅನ್ನುತ್ತದೆ. ನಮಗಿರುವ ತೊಂದರೆಯೂ ಎರಡೇ. ಹಾಗಾಗಿ ಕೈ ತಾನಾಗಿ ಮೂರನೆಯದಕ್ಕೇ ಹೋಗುತ್ತದೆ, ಅಲ್ವಾ? ಒಣಗಿ ಕೆಂಪಾದ ಕಣ್ಣಿಗೆ ಅದು ಬಹಳ ಸಲ ತಪ್ಪು ಆಯ್ಕೆ.

ಯಾಕೆ ಅಂತ ತಿಳಿಯಬೇಕಾದರೆ ಕಣ್ಣು ಕೆಂಪಾಗುವುದು ಹೇಗೆ ಅಂತ ಮೊದಲು ನೋಡಬೇಕು. ಕಣ್ಣಿನ ಮೇಲೆ ಸದಾ ಕಣ್ಣೀರಿನ ಒಂದು ತೆಳು ಪದರ ಇರುತ್ತದೆ. ಅದರ ದಪ್ಪ ಸುಮಾರು 3 ಮೈಕ್ರಾನ್. ತಲೆಗೂದಲಿನ ದಪ್ಪಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಅದು ಬರೀ ನೀರೂ ಅಲ್ಲ. ತಳದಲ್ಲಿ ಕಣ್ಣಿಗೆ ಅಂಟಿಕೊಂಡ ಲೋಳೆ, ಅದರೊಂದಿಗೆ ನೀರು, ಎಲ್ಲಕ್ಕಿಂತ ಮೇಲೆ ಎಣ್ಣೆಯ ಹೊದಿಕೆ. ಈ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಮೈಬೋಮಿಯನ್ ಗ್ರಂಥಿಗಳಿಂದ. ಎಣ್ಣೆ ಸರಿಯಾಗಿ ಬರದಿದ್ದರೆ ನೀರು ಬೇಗ ಆವಿಯಾಗುತ್ತದೆ. ಕಣ್ಣು ಒಣಗುತ್ತದೆ ಅನ್ನುವವರಲ್ಲಿ ಹೆಚ್ಚಿನವರಿಗೆ ಇರುವ ತೊಂದರೆ ಇದೇ. ಇದರ ಜೊತೆಗೆ ಪರದೆ. ಮಾಮೂಲಿಯಾಗಿ ನಿಮಿಷಕ್ಕೆ ಹದಿನೈದು ಸಲದ ಆಸುಪಾಸು ಬಡಿಯುವ ರೆಪ್ಪೆ, ಮೊಬೈಲೋ ಕಂಪ್ಯೂಟರೋ ನೋಡುವಾಗ ಅದರ ಅರ್ಧಕ್ಕೂ ಇಳಿಯಬಹುದು. ಪದರವನ್ನು ಮತ್ತೆ ಮತ್ತೆ ಸವರಿ ಸರಿಮಾಡುವ ಕೆಲಸವೇ ನಿಂತ ಹಾಗಾಗುತ್ತದೆ.

ಪದರ ಒಡೆದ ಜಾಗದಲ್ಲಿ ಕಣ್ಣಿನ ಮೇಲ್ಮೈ ಗಾಳಿಗೆ ಒಡ್ಡಿಕೊಳ್ಳುತ್ತದೆ. ಅಲ್ಲಿ ಉರಿಯೂತ ಶುರುವಾಗುತ್ತದೆ. ಉರಿಯೂತ ಆದ ಕಡೆ ರಕ್ತನಾಳಗಳು ಹಿಗ್ಗುತ್ತವೆ. ಬಿಳಿಗುಡ್ಡೆಯ ಮೇಲೆ ಅವು ಎದ್ದು ಕಾಣುತ್ತವೆ. ನಾವು ಕನ್ನಡಿಯಲ್ಲಿ ನೋಡುವ ಕೆಂಪು ಅದು. ಕೆಲವರಿಗೆ ಇದರ ಮಧ್ಯೆ ಕಣ್ಣಿಂದ ನೀರೂ ಸುರಿಯುತ್ತದೆ. ‘ಇಷ್ಟು ನೀರು ಬರುವಾಗ ಕಣ್ಣು ಒಣಗಿದ್ದು ಹೇಗೆ?’ ಅಂತ ಅವರು ಕೇಳುವುದು ಸಹಜ. ಕಣ್ಣು ಕೆರಳಿದಾಗ ಒಮ್ಮೆಲೇ ಸುರಿಯುವ ಆ ನೀರು ಕಣ್ಣಿನ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೆನ್ನೆಗೆ ಇಳಿದು ಹೋಗುತ್ತದೆ.

ಈಗ ಕೆಂಪು ಹೋಗಲಾಡಿಸುವ ಹನಿಗೆ ಬರೋಣ. ಡಬ್ಬಿಯ ಹಿಂಬದಿಯಲ್ಲಿ ಟೆಟ್ರಾಹೈಡ್ರೋಜೋಲಿನ್, ನಾಫಾಜೋಲಿನ್, ಆಕ್ಸಿಮೆಟಾಜೋಲಿನ್, ಫೀನೈಲೆಫ್ರಿನ್ ಇವುಗಳಲ್ಲಿ ಒಂದು ಹೆಸರು ಸಿಕ್ಕರೆ ಅದು ಈ ಗುಂಪಿನದು. ಮೂಗು ಕಟ್ಟಿದಾಗ ಹಾಕುವ ಕೆಲವು ಹನಿಗಳೂ ಇದೇ ಕುಟುಂಬದವು. ಇವು ಹಿಗ್ಗಿದ ರಕ್ತನಾಳವನ್ನು ಬಿಗಿಯುತ್ತವೆ. ನಾಳ ಕಿರಿದಾಯಿತು, ರಕ್ತ ಕಡಿಮೆ ಹರಿಯಿತು, ಕೆಂಪು ಮಾಯವಾಯಿತು. ಕೆಲವೇ ನಿಮಿಷದ ಕೆಲಸ. ಆದರೆ ಒಣಗಿದ್ದು ಒಣಗಿದ ಹಾಗೇ ಇದೆ, ಉರಿಯೂತ ಇದ್ದ ಹಾಗೇ ಇದೆ. ಕನ್ನಡಿಗೆ ಮಾತ್ರ ಕಣ್ಣು ಚೆನ್ನಾಗಿದೆ.

ತೊಂದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಔಷಧಿಯ ಪ್ರಭಾವ ಇಳಿದಾಗ ನಾಳಗಳು ಮತ್ತೆ ಹಿಗ್ಗುತ್ತವೆ, ಕೆಲವರಲ್ಲಿ ಮೊದಲಿಗಿಂತ ಜಾಸ್ತಿ. ದಿನವೂ ಹಾಕುತ್ತಾ ಹೋದರೆ ಅದೇ ಹನಿ ಮೊದಲಿನಷ್ಟು ಕೆಲಸ ಮಾಡುವುದಿಲ್ಲ. ಆಗ ನಾವು ಏನು ಮಾಡುತ್ತೇವೆ? ಎರಡು ಸಲ ಹಾಕುತ್ತಿದ್ದವರು ನಾಲ್ಕು ಸಲ ಹಾಕುತ್ತೇವೆ. ಹೀಗೆ ತಿಂಗಳುಗಟ್ಟಲೆ ಹಾಕಿಕೊಂಡು, ಕೊನೆಗೆ ಕಣ್ಣಿನ ಕೆಂಪಿಗೆ ಆ ಹನಿಯೇ ಕಾರಣವಾಗಿ ನಿಲ್ಲುವುದುಂಟು. ಕೆಂಪು ಅಥವಾ ಉರಿ 72 ಗಂಟೆ ದಾಟಿದರೆ ಹನಿ ನಿಲ್ಲಿಸಿ ವೈದ್ಯರನ್ನು ಕಾಣಿ ಅಂತ ಇಂಥ ಹನಿಗಳ ಡಬ್ಬಿಯ ಮೇಲೆ ಸಾಮಾನ್ಯವಾಗಿ ಬರೆದಿರುತ್ತದೆ. ಅಕ್ಷರ ತೀರಾ ಸಣ್ಣದು, ಉರಿಯುವ ಕಣ್ಣಲ್ಲಿ ಅದನ್ನು ಓದುವುದು ಕಷ್ಟ. ಆದರೂ ಓದಲೇಬೇಕು.

ಈ ಗುಂಪಿಗೆ ಹೊಸದಾಗಿ ಸೇರಿದ್ದು ಬ್ರಿಮೋನಿಡಿನ್. ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯ ನರ ಹಾಳಾಗುವ ಕಾಯಿಲೆಯ ಚಿಕಿತ್ಸೆಗೆ ಮೊದಲಿನಿಂದ ಬಳಕೆಯಲ್ಲಿದ್ದ ಔಷಧಿ ಇದು. ಅದರ ತೀರಾ ಕಡಿಮೆ ಪ್ರಮಾಣದ, ಅಂದರೆ 0.025 ಶೇಕಡಾದ ಹನಿಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಇದು ನಾಳಗಳನ್ನು ಬಿಗಿಯುವ ದಾರಿ ಸ್ವಲ್ಪ ಬೇರೆ. ಹಾಗಾಗಿ ಕೆಂಪು ಮರಳಿ ಬರುವ ಕಾಟ ಹಳೆಯವುಗಳಿಗಿಂತ ಕಡಿಮೆ. ಒಂದು ದಿನದ ಸಮಾರಂಭಕ್ಕೆ, ಫೋಟೋಗೆ ಬೇಕು ಅನ್ನುವವರಿಗೆ ಹಳೆಯವುಗಳಿಗಿಂತ ಇದು ವಾಸಿ ಅಂತ ನನ್ನ ಅಭಿಪ್ರಾಯ. ಆದರೆ ಇದೂ ಕಣ್ಣಿಗೆ ತೇವ ಕೊಡುವುದಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು ಮಾತು. ಕೆಂಪು ಇಳಿಸುವ ಹನಿಯನ್ನು ಮಗು ಬಾಯಿಗೆ ಹಾಕಿಕೊಂಡರೆ ಅದು ವಿಷ. 2012ರಲ್ಲಿ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಟೆಟ್ರಾಹೈಡ್ರೋಜೋಲಿನ್, ನಾಫಾಜೋಲಿನ್, ಆಕ್ಸಿಮೆಟಾಜೋಲಿನ್ ಇರುವ ಹನಿ 1ರಿಂದ 2 ಮಿಲಿಲೀಟರ್ ಹೊಟ್ಟೆಗೆ ಹೋದರೂ ಪುಟ್ಟ ಮಕ್ಕಳ ಉಸಿರಾಟ, ಹೃದಯದ ಬಡಿತ ಕುಸಿಯಬಹುದು, ಮಗು ಎಚ್ಚರ ತಪ್ಪಬಹುದು. ಕಣ್ಣಿಗೆ ಹಾಕುವುದು ತಾನೇ ಅಂತ ಮೇಜಿನ ಮೇಲೆ ಇಡಬೇಡಿ. ಮಾತ್ರೆಗಳನ್ನು ಎತ್ತಿಡುವ ಜಾಗದಲ್ಲೇ ಇದನ್ನೂ ಎತ್ತಿಡಿ.

ಹಾಗಾದರೆ ಒಣಗಿದ ಕಣ್ಣಿಗೆ ಬೇಕಾದದ್ದು ಯಾವುದು? ಕೃತಕ ಕಣ್ಣೀರು. ಡಬ್ಬಿಯ ಹಿಂದೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಪ್ರೊಮೆಲೋಸ್, ಸೋಡಿಯಂ ಹೈಯಲುರೊನೇಟ್, ಪಾಲಿಎಥಿಲೀನ್ ಗ್ಲೈಕಾಲ್ ಇಂಥ ಹೆಸರುಗಳಿರುತ್ತವೆ. ಇವೆಲ್ಲ ನೀರನ್ನು ಹಿಡಿದಿಟ್ಟುಕೊಂಡು ಕಣ್ಣಿನ ಮೇಲೆ ಹರಡುವ ಪದಾರ್ಥಗಳು. ಯಾವುದು ಎಲ್ಲಕ್ಕಿಂತ ಮೇಲು ಅಂತ ಜಗಳ ಆಡುವಷ್ಟು ವ್ಯತ್ಯಾಸ ಬಹುತೇಕ ಜನರಿಗೆ ಗೊತ್ತಾಗುವುದಿಲ್ಲ. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಉರಿಯಬಹುದು. ತೆಳು ಹನಿ ಹಗಲಿಗೆ ಚೆನ್ನ. ಜೆಲ್ ಜಾಸ್ತಿ ಹೊತ್ತು ನಿಲ್ಲುತ್ತದೆ, ಆದರೆ ಸ್ವಲ್ಪ ಹೊತ್ತು ಕಣ್ಣು ಮಂಜಾಗುತ್ತದೆ. ಮುಲಾಮು ಮಲಗುವ ಹೊತ್ತಿಗೆ ಮಾತ್ರ. ರೆಪ್ಪೆಯ ಎಣ್ಣೆ ಕಡಿಮೆಯಾಗಿ ಕಣ್ಣೀರು ಆವಿಯಾಗುವವರಿಗೆ ಎಣ್ಣೆಯ ಅಂಶ ಇರುವ ಹನಿಗಳೂ ಇವೆ. ಇಷ್ಟರಲ್ಲಿ ಯಾವುದನ್ನು ಆರಿಸಿದರೂ ದೊಡ್ಡ ತಪ್ಪೇನಲ್ಲ. ತಪ್ಪು ಆಗುವುದು ಮುಂದಿನ ವಿಷಯದಲ್ಲಿ.

ಅದು ಪ್ರಿಸರ್ವೇಟಿವ್. ಬಾಟಲಿಯ ಮುಚ್ಚಳ ತೆಗೆದ ಮೇಲೆ ಅದರ ತುದಿ ಒಮ್ಮೆ ರೆಪ್ಪೆಗೆ ತಾಗುತ್ತದೆ, ಒಮ್ಮೆ ಬೆರಳಿಗೆ ತಾಗುತ್ತದೆ. ಹನಿ ಬಿದ್ದ ಮೇಲೆ ಬಾಟಲಿ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದರ ಜೊತೆ ಬ್ಯಾಕ್ಟೀರಿಯಾ ಒಳಗೆ ಹೋಗಬಹುದು. ಅಲ್ಲಿ ಅವು ಬೆಳೆಯದಿರಲಿ ಅಂತ ಹಾಕುವ ರಾಸಾಯನಿಕ ಪ್ರಿಸರ್ವೇಟಿವ್. ಕಣ್ಣಿನ ಹನಿಗಳಲ್ಲಿ ಹೆಚ್ಚಾಗಿ ಸಿಗುವುದು ಬೆಂಜಾಲ್ಕೋನಿಯಂ ಕ್ಲೋರೈಡ್. ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಅದು ಗಟ್ಟಿ. ಆದರೆ ಅದರ ಗುಣ ಸೋಪಿನ ಹಾಗೆ. ಎಣ್ಣೆಯನ್ನು ಒಡೆಯುತ್ತದೆ. ಕಣ್ಣೀರಿನ ಮೇಲಿರುವ ಎಣ್ಣೆಯ ಹೊದಿಕೆಯನ್ನೂ ಅದು ಬಿಡುವುದಿಲ್ಲ, ಕಣ್ಣಿನ ಮೇಲ್ಮೈಯ ಜೀವಕೋಶಗಳನ್ನೂ ಬಿಡುವುದಿಲ್ಲ. ಮೊದಲೇ ಒಣಗಿದ ಕಣ್ಣಿಗೆ ಇದನ್ನು ದಿನಕ್ಕೆ ಆರೆಂಟು ಸಲ ಹಾಕಿದರೆ ಗಾಯಕ್ಕೆ ಸೋಪು ತಿಕ್ಕಿದ ಹಾಗೆ.

ಅಂದಮಾತ್ರಕ್ಕೆ ಪ್ರಿಸರ್ವೇಟಿವ್ ಅಂದ ಕೂಡಲೇ ಹೆದರಬೇಕಿಲ್ಲ. ಕಣ್ಣು ಆರೋಗ್ಯವಾಗಿರುವವರು ವಾರಕ್ಕೆ ಎರಡು ಮೂರು ಸಲ ಹಾಕಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪರ್ಬೊರೇಟ್‌ನಂಥ ಸ್ವಲ್ಪ ಮೃದುವಾದ ಪ್ರಿಸರ್ವೇಟಿವ್‌ಗಳೂ ಇವೆ. ಅದು ಕಣ್ಣಿಗೆ ಬಿದ್ದ ಮೇಲೆ ಒಡೆದು ನೀರು, ಆಮ್ಲಜನಕ ಆಗಿಬಿಡುತ್ತದೆ. ಕಣ್ಣಿನ ವೈದ್ಯರು ಸಾಮಾನ್ಯವಾಗಿ ಹೇಳುವ ಅಳತೆ ಒಂದಿದೆ: ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಾಕಬೇಕಾಗಿ ಬಂದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೊಳ್ಳಿ. ಗ್ಲಾಕೋಮಾಗೆ ದಿನವೂ ಹನಿ ಹಾಕುವವರು, ಕಣ್ಣಿನ ಮೇಲ್ಮೈಯಲ್ಲಿ ಮೊದಲೇ ತೊಂದರೆ ಇರುವವರು ಮೊದಲ ದಿನದಿಂದಲೇ ಅದನ್ನು ಕೇಳಿ ಪಡೆಯುವುದು ಒಳ್ಳೆಯದು. ಅವರ ಕಣ್ಣಿಗೆ ಬೇರೆ ಬಾಟಲಿಯಿಂದ ಆಗಲೇ ಈ ರಾಸಾಯನಿಕ ಬೀಳುತ್ತಿರಬಹುದು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರೂ ಅಷ್ಟೇ. ಲೆನ್ಸ್ ಬೆಂಜಾಲ್ಕೋನಿಯಂ ಅನ್ನು ಹೀರಿಕೊಂಡು ನಿಧಾನವಾಗಿ ಕಣ್ಣಿಗೆ ಬಿಡುತ್ತದೆ. ಅಂಥ ಹನಿ ಹಾಕಲೇಬೇಕಾದರೆ ಲೆನ್ಸ್ ತೆಗೆದು ಹಾಕಿ, ಕನಿಷ್ಠ ಹದಿನೈದು ನಿಮಿಷ ಬಿಟ್ಟು ಲೆನ್ಸ್ ಹಾಕಿಕೊಳ್ಳಬೇಕು.

ಇಲ್ಲಿಯವರೆಗೆ ಓದಿದವರು ‘ಪ್ರಿಸರ್ವೇಟಿವ್ ಇಲ್ಲದ್ದೇ ಸುರಕ್ಷಿತ’ ಅಂದುಕೊಂಡರೆ ಅಲ್ಲಿ ಸ್ವಲ್ಪ ನಿಲ್ಲಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ ಇದು. ಬ್ಯಾಕ್ಟೀರಿಯಾ ತಡೆಯುವ ಕಾವಲುಗಾರನನ್ನು ತೆಗೆದ ಮೇಲೆ ಆ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು. ಅದನ್ನು ಮಾಡಬೇಕಾದದ್ದು ಬಾಟಲಿ. ಅದಕ್ಕೇ ಒಂದೇ ಸಲಕ್ಕೆ ಆಗುವ, ತುದಿ ಮುರಿದು ಹಾಕಿ ಬಿಸಾಡುವ ಪುಟ್ಟ ಪ್ಲಾಸ್ಟಿಕ್ ಕೊಳವೆಗಳು ಬಂದವು. ಹನಿ ಹೊರಗೆ ಬರಲು ಬಿಟ್ಟು, ಹೊರಗಿನದ್ದು ಒಳಗೆ ಹೋಗದಂತೆ ತಡೆಯುವ ಕವಾಟ ಅಥವಾ ಫಿಲ್ಟರ್ ಇರುವ ಬಾಟಲಿಗಳೂ ಬಂದವು. ಇವೆರಡೂ ಇಲ್ಲದ ಮಾಮೂಲಿ ಬಾಟಲಿಯಲ್ಲಿ ಪ್ರಿಸರ್ವೇಟಿವ್ ಇಲ್ಲದ ಹನಿ ತುಂಬಿದರೆ?

2023ರಲ್ಲಿ ಅಮೆರಿಕದಲ್ಲಿ ನಡೆದದ್ದರ ಹಿಂದೆ ಈ ಪ್ರಶ್ನೆಯೂ ಇದೆ. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಬಹುತೇಕ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಪತ್ತೆಹಚ್ಚಿತು. ಆ ದೇಶದಲ್ಲಿ ಅದು ಮೊದಲು ಕಂಡಿರಲಿಲ್ಲ. ಸೋಂಕಿನ ಜಾಡು ಎಜ್ರಿಕೇರ್ ಹೆಸರಿನ ಕೃತಕ ಕಣ್ಣೀರಿಗೆ ಹೋಗಿ ಮುಟ್ಟಿತು. ಅದನ್ನು ತಯಾರಿಸಿದ್ದು ಚೆನ್ನೈನ ಗ್ಲೋಬಲ್ ಫಾರ್ಮಾ ಹೆಲ್ತ್‌ಕೇರ್. ಫೆಬ್ರವರಿಯಲ್ಲಿ ಆ ಹನಿಯನ್ನು ವಾಪಸ್ ಪಡೆದರು. ಮೇ ತಿಂಗಳ ಹೊತ್ತಿಗೆ ಸಿಡಿಸಿ ಕೊಟ್ಟ ಲೆಕ್ಕದಲ್ಲಿ 18 ರಾಜ್ಯಗಳ 81 ಜನರಿಗೆ ಈ ಬ್ಯಾಕ್ಟೀರಿಯಾ ತಗುಲಿತ್ತು. 14 ಜನರ ದೃಷ್ಟಿ ಹೋಗಿತ್ತು. ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು. ನಾಲ್ವರು ತೀರಿಕೊಂಡರು. ಎಫ್‌ಡಿಎ ಎತ್ತಿ ತೋರಿಸಿದ ಲೋಪಗಳಲ್ಲಿ ಒಂದು ಹೀಗಿತ್ತು: ಹಲವು ಸಲ ಬಳಸುವ ಬಾಟಲಿಯಲ್ಲಿ ಹನಿ ತುಂಬಿದ್ದಾರೆ, ಆದರೆ ಸಾಕಷ್ಟು ಪ್ರಿಸರ್ವೇಟಿವ್ ಇಲ್ಲ. ಬ್ಯಾಕ್ಟೀರಿಯಾ ಪರೀಕ್ಷೆ ಸರಿಯಾಗಿ ಆಗಿಲ್ಲ ಅನ್ನುವುದು ಇನ್ನೊಂದು. ಕಣ್ಣಿಗೆ ತಂಪು ಅಂತ ಹಾಕಿಕೊಂಡ ಹನಿಯಿಂದ ಕಣ್ಣನ್ನೇ ಕಳೆದುಕೊಂಡವರ ಬಗ್ಗೆ ಓದುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಅವರು ಮಾಡಿದ ತಪ್ಪಾದರೂ ಏನು?

ಅದೇ ವರ್ಷದ ಅಕ್ಟೋಬರ್‌ನಲ್ಲಿ ಎಫ್‌ಡಿಎ ಇನ್ನೂ 26 ಬಗೆಯ ಹನಿಗಳನ್ನು ಬಳಸಬೇಡಿ ಅಂತ ಹೇಳಿತು. ಕಾರ್ಖಾನೆಯ ತಪಾಸಣೆಯಲ್ಲಿ ಸ್ವಚ್ಛತೆ ಇರಲಿಲ್ಲ, ಔಷಧಿ ತಯಾರಾಗುವ ಮುಖ್ಯ ಜಾಗದಲ್ಲೇ ಬ್ಯಾಕ್ಟೀರಿಯಾ ಸಿಕ್ಕಿತ್ತು. ಆ 26 ಹನಿಗಳು ಬೇರೆ ಬೇರೆ ದೊಡ್ಡ ಅಂಗಡಿ ಸರಣಿಗಳ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. ತಯಾರಿಸಿದ ಕಡೆ ಮಾತ್ರ ಒಂದೇ. ಮುಂದಿರುವ ದೊಡ್ಡ ಹೆಸರು ನೋಡಿ ಧೈರ್ಯ ತಂದುಕೊಳ್ಳುವ ನಮಗೆ ಇದು ತಿಳಿದಿರಬೇಕು. ತಯಾರಿಸಿದವರು ಯಾರು, ಬ್ಯಾಚ್ ನಂಬರ್ ಯಾವುದು ಅನ್ನುವುದು ಡಬ್ಬಿಯ ಹಿಂಬದಿಯಲ್ಲಿ, ಕೆಳಗೆಲ್ಲೋ ಇರುತ್ತದೆ. ಹನಿ ಮುಗಿಯುವ ತನಕ ಡಬ್ಬಿ ಬಿಸಾಡಬೇಡಿ. ಯಾವುದಾದರೂ ಹನಿಯನ್ನು ವಾಪಸ್ ಪಡೆದ ಸುದ್ದಿ ಬಂದರೆ ಹೋಲಿಸಿ ನೋಡಲು ಆ ನಂಬರ್ ಬೇಕು.

ಹಾಗಂತ ಹನಿ ಅಂದರೆ ಬೆಚ್ಚಿಬೀಳುವ ಅಗತ್ಯ ಇಲ್ಲ. ಇಂಥ ಘಟನೆ ಅಪರೂಪ. ಆದರೆ ಬಾಯಿಗೆ ಹಾಕುವ ಔಷಧಿಗೆ ಹೊಟ್ಟೆಯ ಆಮ್ಲದಂಥ ಅಡ್ಡಗೋಡೆಗಳಿವೆ. ಕಣ್ಣಿಗೆ ಹಾಕುವುದಕ್ಕೆ ಅವು ಇಲ್ಲ. ಅದಕ್ಕೇ ಕಣ್ಣಿಗೆ ಬೀಳುವ ಯಾವುದೇ ಆದರೂ ಪೂರ್ತಿ ಕ್ರಿಮಿರಹಿತ ಆಗಿರಬೇಕು. ಮನೆಯಲ್ಲೇ ತಯಾರಿಸಿದ ಹನಿ, ಅಡುಗೆಮನೆಯ ಪದಾರ್ಥ, ನಲ್ಲಿ ನೀರು ಬೇಡ ಅನ್ನುವುದಕ್ಕೆ ಇಷ್ಟೇ ಕಾರಣ. ಸಹಜ, ನೈಸರ್ಗಿಕ ಅನ್ನುವ ಹೆಸರಿನಲ್ಲಿ ಬೆಳ್ಳಿಯ ಅಂಶ ಹಾಕಿದ ಹನಿಗಳನ್ನು ಮಾರುವವರೂ ಇದ್ದಾರೆ. ಬೆಳ್ಳಿಯನ್ನು ಬಹಳ ಕಾಲ ಬಳಸಿದರೆ ಕಣ್ಣಿನ ಬಿಳಿಭಾಗ, ಚರ್ಮ ಬೂದು ಬಣ್ಣಕ್ಕೆ ತಿರುಗಬಹುದು, ಆ ಬಣ್ಣ ಹೋಗುವುದಿಲ್ಲ.

ಇನ್ನು ಸ್ಟೀರಾಯ್ಡ್. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೋರೋಮೆಥೋಲೋನ್. ಆಂಟಿಬಯಾಟಿಕ್ ಜೊತೆ ಸೇರಿಸಿದ ಹನಿಗಳಲ್ಲಿ ಇವು ಅಡಗಿ ಕೂತಿರುತ್ತವೆ. ಹಾಕಿದ ಮರುದಿನವೇ ಕೆಂಪು, ಉರಿ, ತುರಿಕೆ ಎಲ್ಲ ಮಂಗಮಾಯ. ಅದಕ್ಕೇ ಜನ ಇದನ್ನು ಬಿಡುವುದಿಲ್ಲ. ಹಿಂದೊಮ್ಮೆ ವೈದ್ಯರು ಒಂದು ವಾರಕ್ಕೆ ಬರೆದುಕೊಟ್ಟ ಹನಿಯನ್ನು ಮುಂದಿನ ಸಲ ಅವರನ್ನು ಕೇಳದೇ ಕೊಳ್ಳುತ್ತಾರೆ, ಮನೆಯ ಉಳಿದವರಿಗೂ ಹಾಕುತ್ತಾರೆ. ಸ್ಟೀರಾಯ್ಡ್ ಹನಿಯನ್ನು ವಾರಗಟ್ಟಲೆ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಏರುತ್ತದೆ. ಏರಿದ್ದು ಗೊತ್ತೇ ಆಗುವುದಿಲ್ಲ, ನೋವಿಲ್ಲ. ಬದಿಯ ದೃಷ್ಟಿ ಮೊದಲು ಹೋಗುತ್ತದೆ, ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಕಣ್ಣಿನ ಪೊರೆಯೂ ಬರಬಹುದು. ಹರ್ಪಿಸ್ ವೈರಸ್ಸೋ ಶಿಲೀಂಧ್ರವೋ ಕಾರಣವಾಗಿದ್ದರೆ ಸ್ಟೀರಾಯ್ಡ್ ಬೆಂಕಿಗೆ ತುಪ್ಪ. ಅಲರ್ಜಿಗೆ ಅಂತ ಮಕ್ಕಳಿಗೆ ತಿಂಗಳುಗಟ್ಟಲೆ ಇದನ್ನು ಹಾಕಿ, ಎಳೆ ವಯಸ್ಸಲ್ಲೇ ಅವರ ದೃಷ್ಟಿ ಹಾಳಾದ ಉದಾಹರಣೆಗಳಿವೆ. ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವೈದ್ಯರು ಒತ್ತಡ ಅಳೆಯುತ್ತಾ ಕೊಡುವಾಗ ಅದು ಕಣ್ಣು ಉಳಿಸುವ ಔಷಧಿ. ನಾವಾಗಿ ಕೊಂಡು ಹಾಕಿಕೊಳ್ಳುವ ವಸ್ತು ಮಾತ್ರ ಖಂಡಿತ ಅಲ್ಲ. ತಪಾಸಣೆಗೆ ಮುನ್ನ ಹಾಕುವ ಮರಗಟ್ಟಿಸುವ ಹನಿಯನ್ನೂ ಮನೆಗೆ ತರಬಾರದು. ನೋವು ಗೊತ್ತಾಗದ ಹಾಗೆ ಮಾಡಿ ಅದು ಕಾರ್ನಿಯಾವನ್ನೇ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನೇ ತಿಂದುಹಾಕಬಲ್ಲದು.

ಕೆಂಪಾದ ಕಣ್ಣೆಲ್ಲ ಒಣಗಿದ ಕಣ್ಣಲ್ಲ ಅನ್ನುವುದನ್ನೂ ಹೇಳಬೇಕು. ತುರಿಕೆಯೇ ಜಾಸ್ತಿ ಇದ್ದರೆ ಅಲರ್ಜಿ ಇರಬಹುದು. ಅದಕ್ಕೆ ಕೀಟೋಟಿಫೆನ್, ಓಲೋಪಟಡಿನ್‌ನಂಥ ಬೇರೆ ಹನಿಗಳಿವೆ. ಒಂದು ಕಣ್ಣಿಂದ ಇನ್ನೊಂದಕ್ಕೆ, ಒಬ್ಬರಿಂದ ಇನ್ನೊಬ್ಬರಿಗೆ ಹಬ್ಬಿ ನೀರು ಸುರಿಯುತ್ತಿದ್ದರೆ ಬಹುಶಃ ವೈರಸ್. ಆಂಟಿಬಯಾಟಿಕ್ ಹನಿ ಅದಕ್ಕೆ ಕೆಲಸ ಮಾಡುವುದಿಲ್ಲ. ನೋವಿಲ್ಲದೆ ರಕ್ತ ಚೆಲ್ಲಿದ ಹಾಗೆ ಒಂದೇ ಕಡೆ ಕಡುಕೆಂಪು ಕಂಡರೆ ಅದು ಪುಟ್ಟ ನಾಳ ಒಡೆದದ್ದು. ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ಕರಗುತ್ತದೆ. ಆದರೆ ಕಣ್ಣಲ್ಲಿ ನೋವಿದ್ದರೆ, ಬೆಳಕು ನೋಡಲು ಆಗದಿದ್ದರೆ, ದೃಷ್ಟಿ ಮಂಜಾದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ತಲೆನೋವಿನ ಜೊತೆ ವಾಂತಿ ಬಂದರೆ, ಹಳದಿ ಗೀಜು ಕಟ್ಟುತ್ತಿದ್ದರೆ, ರಾಸಾಯನಿಕ ಬಿದ್ದಿದ್ದರೆ ಯಾವ ಹನಿ ಅಂತ ಹುಡುಕುತ್ತಾ ಕೂರಬೇಡಿ. ರಾಸಾಯನಿಕ ಬಿದ್ದಾಗ ಮಾತ್ರ ಶುದ್ಧ ನೀರೋ ನಲ್ಲಿ ನೀರೋ, ಸಿಕ್ಕಿದ್ದರಲ್ಲಿ ತಕ್ಷಣ ಕಣ್ಣು ತೊಳೆಯುತ್ತಲೇ ಇರಿ. ತೊಳೆದ ಕೂಡಲೇ ವೈದ್ಯರಿಗೆ ತೋರಿಸಿ. ಉಳಿದ ಎಲ್ಲದಕ್ಕೂ ಅವತ್ತೇ ಕಣ್ಣಿನ ವೈದ್ಯರ ಬಳಿ ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಣ್ಣು ನೋವಿನಿಂದ ಕೆಂಪಾದರೆ ಲೆನ್ಸ್ ತೆಗೆದು, ಒಂದು ರಾತ್ರಿಯೂ ಕಾಯದೆ ತೋರಿಸಿ.

ಹಾಕುವ ರೀತಿಯಲ್ಲೂ ಒಂದೆರಡು ವಿಷಯ ಇದೆ. ಕೈ ತೊಳೆಯಿರಿ. ಬಾಟಲಿಯ ಮೇಲಿನ ಹೆಸರು ಒಮ್ಮೆ ಓದಿ. ಕಿವಿಗೆ ಹಾಕುವ ಹನಿಯನ್ನೋ ಉಗುರಿಗೆ ಹಾಕುವ ಅಂಟನ್ನೋ ಕಣ್ಣಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದವರಿದ್ದಾರೆ, ಬಾಟಲಿಗಳು ಅಷ್ಟು ಒಂದೇ ತರ ಇರುತ್ತವೆ. ಕೆಳರೆಪ್ಪೆ ಎಳೆದು ಒಂದೇ ಒಂದು ಹನಿ ಹಾಕಿ. ಕಣ್ಣು ಹಿಡಿದುಕೊಳ್ಳುವುದು ಅಷ್ಟನ್ನೇ. ಎರಡನೆಯದು ಸುಮ್ನೆ ಕೆನ್ನೆಗೆ ಹೋಗುತ್ತದೆ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಒಂದೆರಡು ನಿಮಿಷ ಮೆತ್ತಗೆ ಒತ್ತಿ ಹಿಡಿದರೆ ಔಷಧಿ ಗಂಟಲಿಗೆ ಇಳಿಯುವುದು ಕಡಿಮೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಮುಲಾಮು ಕೊನೆಗೆ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಡಿ. ಎಕ್ಸ್‌ಪೈರಿ ದಿನಾಂಕ ತೆರೆಯದ ಬಾಟಲಿಯದ್ದು. ತೆರೆದ ಮೇಲೆ ಎಷ್ಟು ದಿನ ಅಂತ ಬೇರೆ ಬರೆದಿರುತ್ತಾರೆ. ಹಲವಕ್ಕೆ ಅದು ನಾಲ್ಕು ವಾರ. ಒಂದೇ ಸಲದ ಕೊಳವೆಯಲ್ಲಿ ಸ್ವಲ್ಪ ಉಳಿದರೆ ನಾಳೆಗೆ ಅಂತ ಎತ್ತಿಡಬೇಡಿ. ಮನಸ್ಸಿಗೆ ಹಿಂಸೆ ಆಗುತ್ತದೆ, ಗೊತ್ತು. ಆದರೆ ಆ ಕೊಳವೆಯಲ್ಲಿ ಕಾವಲುಗಾರನಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕೆಲವು ವಾರದ ಮೇಲೂ ಕಣ್ಣು ಒಣಗುತ್ತಲೇ ಇದ್ದರೆ ಕಾರಣ ಬೇರೆ ಎಲ್ಲೋ ಇದೆ. ಅಲರ್ಜಿಯ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಕಣ್ಣನ್ನು ಒಣಗಿಸುತ್ತವೆ. ಮುಟ್ಟು ನಿಲ್ಲುವ ವಯಸ್ಸು, ಥೈರಾಯ್ಡ್ ತೊಂದರೆ, ಕನ್ನಡಕ ಬಿಡಿಸಲು ಮಾಡುವ ಲೇಸಿಕ್ ಶಸ್ತ್ರಚಿಕಿತ್ಸೆ ಕೂಡ ಕಾರಣ ಆಗಬಹುದು. ಬಾಯಿಯೂ ಒಣಗುತ್ತಿದ್ದರೆ ವೈದ್ಯರಿಗೆ ಅದನ್ನು ಮರೆಯದೆ ಹೇಳಿ, ದೇಹದ ರೋಗನಿರೋಧಕ ವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ದಾಳಿ ಮಾಡುವ ಷೋಗ್ರೆನ್ ಕಾಯಿಲೆಯ ಸುಳಿವು ಅದಾಗಿರಬಹುದು. ರೆಪ್ಪೆಯ ಎಣ್ಣೆ ಗ್ರಂಥಿ ಕಟ್ಟಿಕೊಂಡಿದ್ದರೆ ಬೆಚ್ಚಗಿನ ಬಟ್ಟೆಯ ಶಾಖ ಹನಿಗಿಂತ ಜಾಸ್ತಿ ಕೆಲಸ ಮಾಡಬಹುದು. ಉರಿಯೂತ ಬಲವಾಗಿದ್ದರೆ ಸೈಕ್ಲೋಸ್ಪೋರಿನ್ ಹನಿ ಬರೆದುಕೊಡುತ್ತಾರೆ. ಅದು ಹಾಕಿದ ಕೂಡಲೇ ಉರಿಯುತ್ತದೆ, ಗುಣ ಕಾಣಲು ವಾರಗಳಿಂದ ತಿಂಗಳುಗಳೇ ಬೇಕು. ಬಹಳ ಜನ ಅದನ್ನು ಅರ್ಧಕ್ಕೆ ಬಿಟ್ಟು ಮತ್ತೆ ಕೆಂಪು ಇಳಿಸುವ ಬಾಟಲಿಗೆ ಹೋಗುವುದು ಆ ದಿನಗಳಲ್ಲೇ. ಉರಿ ತಡೆಯಲಾಗದಿದ್ದರೆ ವೈದ್ಯರಿಗೆ ಹೇಳಿ. ಅಲ್ಲಿಯವರೆಗೆ ಕಣ್ಣಿಗೆ ತೇವ ಕೊಡಲು ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರನ್ನು ಜೊತೆಗೇ ಹಾಕಿಕೊಳ್ಳಬಹುದು, ನಡುವೆ ಹದಿನೈದು ನಿಮಿಷ ಬಿಟ್ಟು.